ಪಕ್ಕದ ಮಂಚದ ತಾಯಿ

ಕಳೆದ ವಾರ ನವನಗರದಲ್ಲಿ ಹಲ್ಲಿನ ಡಾಕ್ಟರ ಬಳಿ ಕಾದು ಕುಳಿತಿದ್ದಾಗ ಯಾರೋ ಕೈಗೆ ಸ್ಪಿರಿಟ್ ಹಚ್ಚಿಕೊಂಡರು. ಆ ವಾಸನೆಗೆ ಒಂಬತ್ತು ವರ್ಷ ಹಿಂದಿನ ಮಕ್ಕಳ ವಾರ್ಡು ಕಣ್ಣೆದುರು ಬಂತು. ಪಕ್ಕದ ಮಂಚದ ತಾಯಿಯೂ...

ನನ್ನ ಮಗನಿಗೆ ಆಗ ಏಳು ತಿಂಗಳು. ವಾಂತಿಭೇದಿಯಾಗಿ ಬಾಗಲಕೋಟೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಪಕ್ಕದ ಮಂಚದಲ್ಲಿ ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳು, ತನ್ನ ನಾಲ್ಕು ತಿಂಗಳ ಹೆಣ್ಣುಕೂಸಿನೊಂದಿಗೆ. ಕೂಸಿನ ಶ್ವಾಸಕೋಶದ ಒಳಗೋಡೆಗಳು ಹುಟ್ಟಿನಿಂದಲೇ ದಪ್ಪ, ಎಳೆದ ಉಸಿರು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಮೂಗಿಗೆ ಆಕ್ಸಿಜನ್ ನಳಿಕೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಸಂದು ಒಳಗೆ ಸೆಳೆದುಕೊಳ್ಳುತ್ತಿತ್ತು. ಬೇರೆಯವರ ಸಣ್ಣ ನೆಗಡಿಯನ್ನೂ ಅದು ತಡೆದುಕೊಳ್ಳುವಂತಿರಲಿಲ್ಲ.

ಅದಕ್ಕೇ ಆಕೆ ಕಾವಲು ಕುಳಿತಿರುತ್ತಿದ್ದಳು. ತವರಿನಿಂದ ಬಂದ ಸ್ವಂತ ಅಣ್ಣನನ್ನೂ ಬಾಗಿಲಲ್ಲೇ ನಿಲ್ಲಿಸಿದಳು.

"ನಿನಗ ಮೂಗು ಸೋರಾಕತ್ತೈತಿ, ಒಳಗ ಬರಬ್ಯಾಡ. ಸಿಟ್ಟಾಗಬ್ಯಾಡಣ್ಣಾ."

ನಾಲ್ಕನೆಯ ದಿನ ಬೆಳಿಗ್ಗೆ ನನಗೆ ಗಂಟಲು ಕೆರೆಯತೊಡಗಿತು. ನರ್ಸಿಗೆ ಹೇಳಿದರೆ ಹೊರಗೆ ಕಳಿಸುತ್ತಾರೆ, ಮಗ ಎದೆಹಾಲಿಗೆ ಅಳುತ್ತಾನೆ ಎಂದು ಸುಮ್ಮನಾದೆ. ಮಧ್ಯಾಹ್ನ ಔಷಧಿ ತರಲು ಹೊರಟ ಆಕೆ ನನ್ನ ಬಳಿಗೇ ಬಂದಳು.

"ಅಕ್ಕಾರ, ಒಂದೀಟು ಎತ್ಕೊಂತೀರೇನ್ರಿ? ಮಲಗಿಸಿದ್ರ ದಮ್ಮು ಹತ್ತತೈತ್ರಿ. ನಿಮ್ಮನ್ನ ಬಿಟ್ರ ಯಾರ ಕೈಯಾಗೂ ಕೊಡಂಗಿಲ್ರಿ ನಾ."

ಒಲ್ಲೆ ಎನ್ನಲು ಕಾರಣ ಹೇಳಬೇಕಿತ್ತು. ಕೈ ತೊಳೆದುಕೊಂಡು ಎತ್ತಿಕೊಂಡೆ. ಕೂಸು ನನ್ನ ಕೊರಳಿಗೆ ಮುಖ ಒತ್ತಿತು. ಪಕ್ಕಕ್ಕೆ ತಿರುಗಿ ಎರಡು ಸಲ ಕೆಮ್ಮಿದೆ...

ಮೂರು ದಿನಕ್ಕೆ ಕೂಸಿಗೆ ಜ್ವರ ಬಂತು. ಉಸಿರಿನ ಯಂತ್ರಕ್ಕೆ ಹಾಕಿದರು. ವೈರಸ್ಸಿನ ಸೋಂಕು, ಎಲ್ಲಿಂದ ತಗುಲಿತೆಂದು ಹೇಳಲಾಗದು ಎಂದರು ಡಾಕ್ಟರು. ನನ್ನ ಮಗನನ್ನು ಮನೆಗೆ ಕಳಿಸಿದ ದಿನವೇ ಅದು ತೀರಿಕೊಂಡಿತು.

ಆಕೆ ಕೂಸಿನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಹೇಳಿಬಿಡಬೇಕೆಂದೇ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡಳು.

"ನಾನೇ ಔಷಧ ತರಾಕಂತ ಮಂದ್ಯಾಗ ಹೋಗಿದ್ನಲ್ರಿ ಅಕ್ಕಾರ. ನನ್ನ ಮೈಗೇ ಹತ್ತಿ ಬಂದಿರಬೇಕ್ರಿ..."

ನಾನು ಕೈ ಬಿಡಿಸಿಕೊಂಡು, ಮಗನನ್ನು ಎತ್ತಿಕೊಂಡು ಮನೆಗೆ ಹೊರಟೆ.

ಮಗ ಈಗ ನಾಲ್ಕನೆಯ ತರಗತಿ. ಇಳಕಲ್ಲಿಗೆ ಆಗಾಗ ಹೋಗುತ್ತೇನೆ. ಆಕೆಯ ಓಣಿ ಯಾವುದೆಂದು ಗೊತ್ತು, ಒಮ್ಮೆಯೂ ಆ ಕಡೆ ತಿರುಗಿಲ್ಲ. ಸೋಂಕು ನನ್ನಿಂದಲೇ ಹೋಯಿತೆಂದು ನನಗೂ ಖಚಿತವಿಲ್ಲ. ಆದರೆ ತನ್ನಿಂದಲೇ ಮಗಳು ಹೋದಳೆಂದು ಆಕೆ ನಂಬಿಕೊಂಡಳು. ಇವತ್ತಿನವರೆಗೂ ನಾನು ಆಕೆಯನ್ನು ಹಾಗೆಯೇ ನಂಬಲು ಬಿಟ್ಟಿದ್ದೇನೆ.