ಭಾರತಮ್ಮನ ಉಪ್ಪಿಲ್ಲದ ಸಾರು

ವಕ್ಕಲೇರಿಯ ಹಾಲಿನ ಸಂಘಕ್ಕೆ ನಾನು ಕಾರ್ಯದರ್ಶಿ. ಚೊಕ್ಕ ಹಾಲು ಹಾಕುತ್ತಿದ್ದವಳು ಭಾರತಮ್ಮ ಒಬ್ಬಳೇ. ಮಿಕ್ಕವರ ಬಗ್ಗೆ ನನ್ನ ಬಾಯಿ ಬಿಡಿಸಬೇಡಿ. ಕರೆಯುವ ಮುಂಚೆ ಒಮ್ಮೆ, ಕರೆದ ಮೇಲೊಮ್ಮೆ, ನಾನು ಕೊಟ್ಟ ಕಂದು ಔಷಧಿಯಲ್ಲಿ ಹಸುಗಳ ಮೊಲೆ ಅದ್ದುತ್ತಿದ್ದಳು. “ಕೈ ಬಿರುಕಿಗೂ ಹಚ್ಕೊಳ್ಳಕ್ಕ, ಒಳ್ಳೇದು” ಎಂದವನೂ ನಾನೇ.

೨೦೦೩ರಲ್ಲಿ ಅವಳ ಗಂಟಲ ಗಡ್ಡೆ ಕ್ಯಾನ್ಸರ್ ಅಂತಾಯಿತು. ಬೆಂಗಳೂರಿನಲ್ಲಿ ಥೈರಾಯ್ಡ್ ಗ್ರಂಥಿ ತೆಗೆದರು. ಉಳಿದ ಚೂರುಪಾರು ಸುಡಲು ವಿಕಿರಣ ಸೂಸುವ ಅಯೋಡಿನ್ ಕುಡಿಸಬೇಕಿತ್ತು. ಆ ರೋಗಕ್ಕೆ ಅಯೋಡಿನ್ ಎಂದರೆ ಆಸೆಯಂತೆ. ಹಸಿದಿದ್ದರೆ ಮಾತ್ರ ಗಬಕ್ಕನೆ ನುಂಗಿ ಸಾಯುತ್ತದಂತೆ. ಅದಕ್ಕೇ ಹದಿನೈದು ದಿನ ಅಯೋಡಿನ್ ಬೆರೆಸಿದ ಪ್ಯಾಕೆಟ್ ಉಪ್ಪು, ಹಾಲು, ಮೊಸರು ಬಂದ್. ದಿನಾ ನುಂಗುವ ಥೈರಾಯ್ಡ್ ಮಾತ್ರೆಯನ್ನೂ ನಿಲ್ಲಿಸಿದ್ದರಿಂದ ಮುಖ ಊದಿಕೊಂಡು ನಡುಗುತ್ತಿದ್ದಳು. ಆದರೂ ಸಪ್ಪೆ ಸಾರಲ್ಲಿ ಮುದ್ದೆ ನುಂಗಿ ಹಾಲು ಕರೆಯುತ್ತಿದ್ದಳು. ಗಂಡ ಸೊಣ್ಣಪ್ಪನಿಗೆ ಹಸುಗಳು ಸೊರಬಿಟ್ಟು ಹಾಲು ಇಳಿಸುತ್ತಿರಲಿಲ್ಲ.

ಆಸ್ಪತ್ರೆಗೆ ನಾನೂ ಹೋಗಿದ್ದೆ. ಪರೀಕ್ಷೆಗೆಂದು ಒಂದು ಗುಟುಕು ಕುಡಿಸಿ ಚಿತ್ರ ತೆಗೆದರು. ಚಿತ್ರದಲ್ಲಿ ಏನೂ ಮೂಡಲಿಲ್ಲ.

“ಮೈತುಂಬ ಅಯೋಡಿನ್ ಇದೆ. ಈಗ ಔಷಧಿ ಕೊಟ್ಟರೆ ವ್ಯರ್ಥ. ಮೂರು ತಿಂಗಳು ಬಿಟ್ಟು ಬನ್ನಿ” ಎಂದರು ಡಾಕ್ಟರು.

“ಏಮೇ, ಹದಿನೈದು ದಿನ ನಾಲಿಗೆ ಕಟ್ಟಕ್ಕಾಗ್ಲಿಲ್ವಾ?” ಬಸ್ಸಿನಲ್ಲಿ ಎಲ್ಲರೆದುರು ಸೊಣ್ಣಪ್ಪ ರೇಗಿದ.

“ನಮ್ಮಮ್ಮನಾಣೆ, ಒಂದು ಹರಳೂ ಮುಟ್ಟಿಲ್ಲ ಕಣಯ್ಯ” ಎಂದು ಅವಳು ಕೈ ಮುಗಿದಳು. ಬಿರುಕುಬಿಟ್ಟ ಆ ಅಂಗೈ ಪೂರಾ ಕಂದು. ನಾನು ಕೊಟ್ಟ ಔಷಧಿಯ ಬಣ್ಣ. ಊರಿಗೆ ಬಂದವನೇ ಅದರ ಡಬ್ಬದ ಚೀಟಿ ಓದಿದೆ. ಅಯೋಡಿನ್.

ನಾನು ಹೇಳಬೇಕಿತ್ತು. ಹೇಳಲಿಲ್ಲ. ಕೆಲಸ ಹೋದೀತು, ಸೊಣ್ಣಪ್ಪ ಕೊರಳಪಟ್ಟಿ ಹಿಡಿದಾನು ಎಂಬ ಹೆದರಿಕೆ. ನನ್ನಂಥ ಪುಕ್ಕಲ ಇನ್ನೊಬ್ಬನಿಲ್ಲ. ಔಷಧಿಯ ತಾರೀಕು ಮುಗಿದಿದೆ ಎಂದು ಸುಳ್ಳು ಹೇಳಿ ಅವಳ ಮನೆಯಿಂದ ಡಬ್ಬ ವಾಪಸು ತಂದೆ.

ಮೂರು ತಿಂಗಳಿಗೆ ಚಿತ್ರ ಚೆನ್ನಾಗಿ ಮೂಡಿತು. ಕುತ್ತಿಗೆಯಲ್ಲಿ, ಎರಡೂ ಶ್ವಾಸಕೋಶಗಳಲ್ಲಿ ರೋಗ. ಮೊದಲ ಸಲವೇ ಕೊಟ್ಟಿದ್ದರೆ ಉಳಿಯುತ್ತಿದ್ದಳೋ ಏನೋ, ಯಾರಿಗೂ ಗೊತ್ತಿಲ್ಲ. ಎರಡು ಸಲ ಕುಡಿಸಿದರೂ ರೋಗ ಜಗ್ಗಲಿಲ್ಲ.

ಯುಗಾದಿಗೆ ನಾಲ್ಕು ದಿನವಿರುವಾಗ ಹೇಳಿ ಕಳಿಸಿದಳು. ಉಸಿರಿಗೊಂದು ಮಾತು ಆಡುತ್ತಿದ್ದಳು.

“ಮುರಳಿ, ನಂಗೇ ಗೊತ್ತಿಲ್ದಂಗೆ ಎಲ್ಲೋ ಉಪ್ಪು ತಿಂದ್ಬಿಟ್ಟೆ ಅನ್ಸುತ್ತೆ. ನಿಂಗೂ ಸುಮ್ನೆ ಓಡಾಟ ಆಯ್ತು. ತಪ್ಪಾಯ್ತಪ್ಪ.”

ಸೊಣ್ಣಪ್ಪ ಬಾಗಿಲಲ್ಲೇ ನಿಂತಿದ್ದ.

“ಇರ್ಲಿ ಬಿಡಕ್ಕ” ಎಂದೆ.