ಮೂವತ್ತನಾಲ್ಕು ಹಲ್ಲಿನ ಚಕ್ರ

ಬನ್ನೇರುಘಟ್ಟ ದಾಟಿದ ಮೇಲೆ ಒಂದು ದಿಣ್ಣೆ ಬರುತ್ತದೆ. ನಮ್ಮ ಭಾನುವಾರದ ಸೈಕಲ್ ಗುಂಪಿನಲ್ಲಿ ಸೈಕಲ್ಲಿನಿಂದ ಇಳಿಯದೆ ಅದನ್ನು ಹತ್ತಲಾಗದವರು ಇಬ್ಬರೇ: ನಾನು ಮತ್ತು ಗುಂಪಿನವರೆಲ್ಲ ಅಕ್ಕ ಎಂದೇ ಕರೆಯುವ ಸಾರಕ್ಕಿಯ ಹೆಂಗಸು. ಉಳಿದವರು ಸರ್ರನೆ ಮೇಲೇರಿ ಕಾಫಿ ಅಂಗಡಿಯಲ್ಲಿ ಕಾಯುತ್ತಿದ್ದರು. ನಾವಿಬ್ಬರೂ ದನ ಹೊಡೆದುಕೊಂಡು ಹೋಗುವವರ ಹಾಗೆ ಸೈಕಲ್ ತಳ್ಳಿಕೊಂಡು, ಮಾತಾಡುತ್ತ ಹತ್ತುತ್ತಿದ್ದೆವು.

ಅಕ್ಕನ ಮನೆಯವರಿಗೆ ಹಿಂದೆ ಕೆರೆ ಪಕ್ಕ ಹೊಲವಿತ್ತು. ಈಗ ಅಲ್ಲಿ ಬಾಡಿಗೆ ಮನೆಗಳಿವೆ. ಯಾರ ಮನೆಯಲ್ಲಿ ಅತ್ತೆ ಸೊಸೆಗೆ ಮಾತಿಲ್ಲ, ಯಾರ ಬಾಲ್ಕನಿಯಲ್ಲಿ ಪಾರಿವಾಳ ಮೊಟ್ಟೆಯಿಟ್ಟಿದೆ, ಅವಳು ಹೇಳಿ ಹೇಳಿ ಎಲ್ಲ ನನಗೆ ಬಾಯಿಪಾಠವಾಗಿತ್ತು. ನಾನು ಜಯನಗರದಲ್ಲಿ ಒಬ್ಬಳೇ. ಮದುವೆಯಾಗಲಿಲ್ಲ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದೆ. ಲಿಫ್ಟಿನಲ್ಲಿ ಸಿಗುವ ನೆರೆಯವರು ಮೊಬೈಲ್‌ನಿಂದ ತಲೆ ಎತ್ತುವುದಿಲ್ಲ. ವಾರದಲ್ಲಿ ನಾನು ಬಾಯ್ತುಂಬ ಮಾತಾಡುತ್ತಿದ್ದುದು ಆ ದಿಣ್ಣೆಯಲ್ಲಿ ಮಾತ್ರ. ಅದು ಆಗ ನನಗೆ ಹೊಳೆಯಲಿಲ್ಲ. ಮೇಲೆ ತಲುಪಿದಾಗ ಗುಂಪಿನ ಒಬ್ಬ ಪುಣ್ಯಾತ್ಮ ಗಡಿಯಾರ ನೋಡಿಕೊಂಡು ನಗುತ್ತಿದ್ದನಲ್ಲ, ಅದೊಂದೇ ಚುಚ್ಚುತ್ತಿತ್ತು.

ಒಂದು ವಾರ ಕೂತು ಸೈಕಲ್ಲಿನ ಗೇರಿನ ಬಗ್ಗೆ ಓದಿದೆ. ಮಾತಾಡುವವರಿಲ್ಲದ ಮನೆಯಲ್ಲಿ ಓದುವುದಕ್ಕೇನು ಬರ. ಹಿಂದಿನ ಚಕ್ರದಲ್ಲಿರುವ ಹಲ್ಲುಚಕ್ರಗಳ ಗೊಂಚಲಿಗೆ ಕ್ಯಾಸೆಟ್ ಎನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ಹಲ್ಲು ಹೆಚ್ಚಿದ್ದಷ್ಟೂ ಏರು ಹಗುರ. ನನ್ನದು ಇಪ್ಪತ್ತೆಂಟು ಹಲ್ಲಿನದು, ಮೂವತ್ತನಾಲ್ಕರದು ಬೇಕಾಗಿತ್ತು. ಆದರೆ ಬರೀ ಕ್ಯಾಸೆಟ್ ಬದಲಿಸಿದರೆ ಆಗುವುದಿಲ್ಲ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಇದೆಯಲ್ಲ, ನನ್ನ ಸೈಕಲ್ಲಿನಲ್ಲಿ ಅದರ ತೋಳು ಗಿಡ್ಡ. ದೊಡ್ಡದಕ್ಕೆ ಅದು ಹೊಂದುವುದಿಲ್ಲ. ಜೆ.ಪಿ. ನಗರದ ಅಂಗಡಿಯಲ್ಲಿ ಉದ್ದ ತೋಳಿನ ಡಿರೇಲರ್, ಉದ್ದನೆಯ ಚೈನು, ಎಲ್ಲವನ್ನೂ ಜೋಡಿಯಾಗುವಂತೆ ಹಾಕಿಸಿಕೊಂಡೆ.

ಆ ಭಾನುವಾರ ದಿಣ್ಣೆಯ ಬುಡದಲ್ಲಿ ಅಕ್ಕನಿಗೆ "ಮೇಲೆ ಸಿಗ್ತೀನಿ" ಎಂದು ಹೇಳಿ ಒಂದೇ ಉಸಿರಿಗೆ ಹತ್ತಿಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವರವರ ಷೇರು, ಸಕ್ಕರೆ ಕಾಯಿಲೆ, ಹೊಸ ಕಾರಿನ ಮಾತಿಗೆ ಮರಳಿದರು. ನಾನು ಕಾಫಿ ಹಿಡಿದು ರಸ್ತೆ ನೋಡುತ್ತ ನಿಂತೆ. ಕೆಳಗೆ ಅಕ್ಕ ತಲೆ ತಗ್ಗಿಸಿ ಒಬ್ಬಳೇ ತಳ್ಳಿಕೊಂಡು ಬರುತ್ತಿದ್ದಳು. ಅವಳು ಬಂದು ತಲುಪುವ ಹೊತ್ತಿಗೆ ಗುಂಪು ಹೊರಡಲು ಎದ್ದಿತ್ತು. ನಾವು ಒಂದು ಮಾತೂ ಆಡಲಿಲ್ಲ.

ಆ ವಾರ ಮುಗಿಯುವಂತೆಯೇ ಕಾಣಲಿಲ್ಲ. ಅಡುಗೆಮನೆಯಲ್ಲಿ ನನ್ನಷ್ಟಕ್ಕೆ ನಾನೇ ಜೋರಾಗಿ ಮಾತಾಡಿಕೊಳ್ಳುತ್ತಿದ್ದುದನ್ನು ಕೇಳಿಸಿಕೊಂಡು ನನಗೇ ಭಯವಾಯಿತು. ಗೇರು ಹಾಳಾಗಿ ಹೋಗಲಿ, ಇನ್ನು ಅಕ್ಕನ ಜೊತೆಗೇ ತಳ್ಳುತ್ತೇನೆ ಎಂದು ನಿರ್ಧರಿಸಿದೆ.

ಮುಂದಿನ ಭಾನುವಾರ ಬೇಕೆಂದೇ ದಿಣ್ಣೆಯ ಅರ್ಧದಲ್ಲಿ ಇಳಿದು, ನೀರು ಕುಡಿಯುವವಳ ಹಾಗೆ ಕಾದೆ. ಅಕ್ಕ ಬಂದಳು. ಆದರೆ ಇಳಿಯಲಿಲ್ಲ. ಏದುಸಿರು ಬಿಡುತ್ತ, ಮುಖವೆಲ್ಲ ನಗುವಾಗಿ, ಪೆಡಲ್ ತುಳಿಯುತ್ತಲೇ ಬಂದಳು. ಹಿಂದಿನ ಚಕ್ರದಲ್ಲಿ ಹೊಸ ಕ್ಯಾಸೆಟ್ ಮಿನುಗುತ್ತಿತ್ತು, ಉದ್ದ ತೋಳು ಜೋತಾಡುತ್ತಿತ್ತು.

"ನಿಮ್ ಥರದ್ದೇ ಹಾಕಿಸ್ದೆ ಮೇಡಂ. ಒಬ್ಳೇ ತಳ್ಳೋಕೆ ಬೇಜಾರಾಯ್ತು. ಮೇಲೆ ಸಿಗ್ತೀನಿ."

ಅಷ್ಟು ಕಡಿದಾದ ಏರಿನಲ್ಲಿ ಒಮ್ಮೆ ಇಳಿದರೆ ಮತ್ತೆ ಹತ್ತಿ ಕೂರುವುದು ನನ್ನ ಕೈಲಾಗದು. ಸೈಕಲ್ ತಳ್ಳಿಕೊಂಡು ಹೊರಟೆ. ಪಾರಿವಾಳ ಮರಿ ಮಾಡಿತಾ ಎಂದು ಕೇಳಬೇಕೆಂದಿದ್ದೆ.