ಮೊಸಳೆಯ ನದಿಗೆ ತುಂಬಿದ ಉಡಿ

ಔಡಲ ಎಣ್ಣೆಯನ್ನು ಬೆಚ್ಚಗೆ ಮಾಡಿದಾಗ ಒಂದು ವಾಸನೆ ಏಳುತ್ತದೆ. ಜಿಡ್ಡು ಜಿಡ್ಡು, ಸ್ವಲ್ಪ ಕೆಸರಿನಂಥದು. ಈಗಿನವರಿಗೆ ಅದು ಸೇರುವುದಿಲ್ಲ. ನನಗೂ ಸೇರುವುದಿಲ್ಲ, ಆದರೆ ನನ್ನ ಕಾರಣ ಬೇರೆ. ಹೋದ ಭಾನುವಾರ ಲಂಡನ್ನಿನ ಹೌನ್ಸ್ಲೋದ ನನ್ನ ಅಡುಗೆಮನೆಯಲ್ಲಿ ಮೊಮ್ಮಗಳ ತಲೆಗೆಂದು ಎಣ್ಣೆಯ ಬಟ್ಟಲನ್ನು ಒಲೆಯ ಮೇಲಿಟ್ಟೆ. ಮನೆಯ ಮೇಲೆ ವಿಮಾನ ಹಾದು ಕಿಟಕಿಯ ಗಾಜು ನಡುಗಿತು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈಯ ಅಂಗೈ ಬೆವರಿತು. ಎಡಗೈ ಒಣಗಿಯೇ ಇತ್ತು. ಒಲೆ ಆರಿಸಿ ಕುರ್ಚಿಯ ಮೇಲೆ ಕುಳಿತುಬಿಟ್ಟೆ.

ತೊಂಬತ್ತರ ಆ ವರ್ಷಗಳಲ್ಲಿ ಈ ಮನೆಯಲ್ಲಿ ನಾವು ಮೂವರಿದ್ದೆವು. ನಮ್ಮ ಮನೆಯವರು ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಏರಿಸುವ, ಇಳಿಸುವ ಕೆಲಸ ಮಾಡುತ್ತಿದ್ದರು. ನಾನು ವಿಮಾನದ ಊಟದ ತಟ್ಟೆ ತುಂಬುವ ಕಾರ್ಖಾನೆಗೆ ಹೋಗುತ್ತಿದ್ದೆ. ಮಗಳು ಸವಿತಾ ಇಲ್ಲೇ ಹುಟ್ಟಿದವಳು. ಬೆಳಕು ಹರಿಯುವ ಮೊದಲೇ ಮನೆಯಲ್ಲಿ ಸಪ್ಪಳ ಶುರುವಾಗುತ್ತಿತ್ತು. ನಾನು ರೊಟ್ಟಿ ಬಡಿಯುವ ಸಪ್ಪಳ, ಇವರು ಬಚ್ಚಲಲ್ಲಿ ಕೆಮ್ಮುವ ಸಪ್ಪಳ, ಜಡೆ ಹಾಕಿಸಿಕೊಳ್ಳುವಾಗ ಸವಿತಾ ಅಳುವ ಸಪ್ಪಳ. ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ ಕಟ್ಟದೆ ಅವಳನ್ನು ಶಾಲೆಗೆ ಕಳಿಸುತ್ತಿರಲಿಲ್ಲ. "ಅವ್ವಾ, ಎಲ್ಲಾರೂ ಸ್ಮೆಲ್ ಅಂತಾರ," ಎಂದು ಗೋಗರೆಯುತ್ತಿದ್ದಳು. ಅನ್ನಲಿ ಬಿಡು ಎನ್ನುತ್ತಿದ್ದೆ. ಈಗ ಆ ಮೂರು ಸಪ್ಪಳದಲ್ಲಿ ಒಂದೂ ಈ ಮನೆಯಲ್ಲಿಲ್ಲ. ನೀವೂ ಊರು ಬಿಟ್ಟು ಬಂದು ಮನೆ ಕಟ್ಟಿದವರಾದರೆ ನಿಮಗೆ ಗೊತ್ತಿರುತ್ತದೆ. ಮನೆ ನಿಂತಿರುತ್ತದೆ, ಒಳಗಿನದು ಹೋಗಿರುತ್ತದೆ.

ಸವಿತಾಗೆ ಒಂಬತ್ತು ವರ್ಷವಾದಾಗ ಶಾಲೆಯ ರಜೆಯಲ್ಲಿ ನನ್ನ ಮೈದುನ ಬಸು ನಮ್ಮನ್ನು ಕರೆಸಿಕೊಂಡ. ಅವನು ಆಸ್ಟ್ರೇಲಿಯಾದ ಉತ್ತರದ ತುದಿಯಲ್ಲಿ, ಡಾರ್ವಿನ್ ಎಂಬ ಊರಿನಲ್ಲಿ ಅಡುಗೆ ಕೆಲಸಕ್ಕಿದ್ದ. ಮದುವೆಯಾಗಿರಲಿಲ್ಲ. ಅವನ ಹತ್ತಿರ ಒಂದು ಹಳೆಯ ಕ್ಯಾರವಾನ್ ಇತ್ತು, ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಯ ಮನೆ. ಒಳಗೆ ಎರಡು ಹಾಸಿಗೆ, ಮಡಚುವ ಮೇಜು, ಎರಡು ಉರಿಯ ಗ್ಯಾಸ್ ಒಲೆ. ಬಿಸಿಲಿಗೆ ಕಾದ ರೆಕ್ಸಿನ್, ಸೊಳ್ಳೆಬತ್ತಿ, ನನ್ನ ಎಣ್ಣೆಯ ಸೀಸೆ, ಇವು ಮೂರರ ವಾಸನೆ ಅದರೊಳಗೆ ಕಟ್ಟಿಕೊಂಡಿತ್ತು. ದಾರಿಯ ಎರಡೂ ಕಡೆ ಕೆಂಪು ಮಣ್ಣು, ಆಳೆತ್ತರಕ್ಕಿಂತ ಎತ್ತರದ ಹುತ್ತಗಳು. ಪಂಚಮಿ ಹತ್ತಿರವಿತ್ತು, ನಾನು ಕಾರು ನಿಲ್ಲಿಸು ಎಂದೆ.

"ವೈನಿ, ಇಲ್ಲಿ ಹುತ್ತಕ್ಕೆಲ್ಲಾ ಹಾಲು ಎರಿಯಾಕ ನಿಂತ್ರ ಈ ದೇಶದ ಎಮ್ಮಿ ಅಷ್ಟೂ ಬತ್ತಿ ಹೋಗ್ತಾವ ನೋಡ್ರಿ," ಎಂದ ಬಸು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರು ಹಾಗೆ ನಕ್ಕದ್ದನ್ನು ಲಂಡನ್ನಿನಲ್ಲಿ ನಾನು ಕಂಡಿರಲಿಲ್ಲ.

ಎರಡನೆಯ ದಿನ ಒಂದು ದೊಡ್ಡ ನದಿಯ ಮಗ್ಗುಲಿಗೆ ಕ್ಯಾರವಾನ್ ನಿಲ್ಲಿಸಿದೆವು. ಐದು ದಿನ ಅಲ್ಲೇ ಇರುವುದು ಎಂದಾಯಿತು. ಬಾಯಿ ತೆರೆದ ಮೊಸಳೆಯ ಚಿತ್ರದ ಬೋರ್ಡು ದಾರಿಯಲ್ಲೇ ಇತ್ತು. ಅಕ್ಷರ ಓದಲು ಬಾರದಿದ್ದರೂ ಚಿತ್ರ ಯಾರಿಗಾದರೂ ತಿಳಿಯುತ್ತದೆ. ಬಸು ಮೂವರನ್ನೂ ನಿಲ್ಲಿಸಿ ಹೇಳಿದ, "ನೀರಿನ ದಂಡಿಗೆ ಯಾರೂ ಹೋಗಬ್ಯಾಡ್ರಿ."

"ನಾ ಕೃಷ್ಣಾ ಹೊಳಿ ದಂಡಿ ಮ್ಯಾಲ ಬೆಳದಾಕಿ," ಎಂದೆ. "ಆ ಕಡೆ ಮೊಸಳಿ ಮಲಗಿದ್ರ ಈ ಕಡೆ ಅರಿವಿ ಒಗದಾಕಿ. ನನಗ ಮೊಸಳಿ ಸುದ್ದಿ ಹೇಳ್ತಿಯೇನೋ?"

"ನಮ್ಮೂರ ಮೊಸಳಿ ಸಾಧು, ವೈನಿ. ಮೀನ ತಿಂದು ಬಿಸಿಲಾಗ ಬೀಳತೈತಿ. ಇವು ಹಂಗಲ್ಲ. ನೀವು ಎಲ್ಲಿ ಬಂದ್ರಿ, ಎಷ್ಟೊತ್ತಿಗೆ ಬಂದ್ರಿ, ನೋಡಿ ಇಟ್ಕೊಂತಾವ. ಮತ್ತ ಅದ ಹೊತ್ತಿಗೆ ಬಂದ್ರಿ ಅಂದ್ರ ಅಲ್ಲೇ ಕಾಯ್ತಾವ."

ಇವರು ನಗಲಿಲ್ಲ. "ಸವಿತಾನ ಅವ್ವಾ, ನಿನ್ನ ಕೈ ಮುಗೀತೀನಿ. ಇಲ್ಲಿ ನಿನ್ನ ಪೂಜಿ ಬ್ಯಾಡ," ಎಂದರು. ಆತ್ ಬಿಡ್ರಿ ಎಂದೆ.

ಹೇಳಿದೆ ಅಷ್ಟೇ. ನಮ್ಮ ಕಡೆ, ಯಾವ ಹೊಳೆಯ ಮಗ್ಗುಲಿಗೆ ಮಲಗುತ್ತೀರೋ ಆ ಹೊಳೆಗೆ ಅಕ್ಕಿ, ಹಣ್ಣು, ಖಣ ಇಟ್ಟು ಉಡಿ ತುಂಬದೆ ಇರಬಾರದು. ಗಂಗವ್ವ ಹೆಣ್ಣುಮಗಳು, ಅವಳ ಮನೆಗೆ ಹೋಗಿ ಬರಿಗೈಯಲ್ಲಿ ಇರುವುದು ಹೇಗೆ? ಮೊಸಳೆ ಅವಳ ವಾಹನ, ಉಡಿ ತುಂಬಿದವಳನ್ನು ಅದು ಮುಟ್ಟುವುದಿಲ್ಲ ಎಂದು ನನ್ನ ಅವ್ವ ಹೇಳುತ್ತಿದ್ದಳು. ಹೌನ್ಸ್ಲೋದಲ್ಲಿ ಇರುವುದು ಕ್ರೇನ್ ಎಂಬ ಒಂದು ಹಳ್ಳ. ಅದರಲ್ಲಿ ಅಂಗಡಿಯ ಟ್ರಾಲಿ ಮಗುಚಿ ಬಿದ್ದಿತ್ತು. ಅದಕ್ಕೆ ಏನು ಉಡಿ ತುಂಬುವುದು? ಹನ್ನೆರಡು ವರ್ಷದ ಮೇಲೆ ಹೊಳೆ ಎನ್ನುವಂಥ ಹೊಳೆ ಕಂಡಿದ್ದೆ. ತಂದಿದ್ದ ಅಕ್ಕಿ, ಉತ್ತತ್ತಿ, ಅರಿಶಿನ ಬೇರು ಎಲ್ಲವನ್ನೂ, ಹೊರಗಿನ ಕಾಳು ಬೇರು ತರುವಂತಿಲ್ಲ ಎಂದು, ಡಾರ್ವಿನ್ನಿನ ಏರ್‌ಪೋರ್ಟಿನಲ್ಲಿ ಕಿತ್ತುಕೊಂಡಿದ್ದರು. ಮೂರು ರವಿಕೆ ಖಣ ಉಳಿದಿದ್ದವು. ಬಸುವಿನ ಮನೆಯ ಅಕ್ಕಿ, ಬಾಳೆಹಣ್ಣು ಸಾಕು ಎಂದುಕೊಂಡೆ. ಉಡಿಯನ್ನು ಒಬ್ಬಳೇ ತುಂಬಬಾರದು, ಜೊತೆಗೆ ಒಂದು ಹೆಣ್ಣು ಇರಬೇಕು. ಅದಕ್ಕೆ ಸವಿತಾ. ಗಂಡಸರಿಬ್ಬರೂ ಮಲಗಿರುವಾಗ, ಆಗಷ್ಟೇ ಬೆಳಕಾಗುವ ಹೊತ್ತಿಗೆ ಹೋಗಿ ಬಂದೆವು. ಮೊದಲ ದಿನ ಒಂದು ಖಣ. ಮರುದಿನ ಅದೇ ಹೊತ್ತಿಗೆ, ಅದೇ ಜಾಗಕ್ಕೆ, ಇನ್ನೊಂದು. ಏನೂ ಆಗಲಿಲ್ಲ. ಬಸು ಪುಕ್ಕಲ ಎಂದುಕೊಂಡೆ.

ಮೂರನೆಯ ಮುಂಜಾನೆ ಸವಿತಾನ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ ಕರೆದುಕೊಂಡು ಹೋದೆ. ಹಕ್ಕಿಗಳು ಕೂಗುತ್ತಿರಲಿಲ್ಲ. ಅದನ್ನು ನಾನು ಆಮೇಲೆ ನೆನಪು ಮಾಡಿಕೊಂಡದ್ದು, ಆಗ ಗಮನಿಸಲಿಲ್ಲ. ನೀರು ಚಹಾದ ಬಣ್ಣ, ಅಲ್ಲಾಡುತ್ತಿರಲಿಲ್ಲ. ಸವಿತಾ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಅಕ್ಕಿ ಬಿಡುತ್ತಿದ್ದಳು.

"ಅವ್ವಾ, ಲುಕ್. ಆ ಲಾಗ್ ನಿನ್ನೆ ಅಲ್ಲಿ ಇರ್ಲಿಲ್ಲ."

ಲಾಗ್ ಎಂದರೆ ಮರದ ಕೊರಡು. ನೋಡಿದೆ. ಇತ್ತು, ಹತ್ತು ಹೆಜ್ಜೆ ಆಚೆ. "ಸುಮ್ಮ ಕೈ ಮುಗಿ," ಎಂದೆ. ಬಗ್ಗಿ ಖಣ ಇಟ್ಟು ತಲೆ ಎತ್ತಿದೆ. ಕೊರಡು ಇರಲಿಲ್ಲ. ನೀರಿನ ಮೇಲೆ ಒಂದು ಗೆರೆ ಕೂಡ ಇರಲಿಲ್ಲ. ಕೃಷ್ಣೆಯ ದಂಡೆಯಲ್ಲಿ ಅವ್ವ ಇನ್ನೊಂದು ಮಾತನ್ನೂ ಹೇಳುತ್ತಿದ್ದಳು. ಮಲಗಿದ ಮೊಸಳೆ ಮಲಗಿರಲಿ, ಅದು ನೀರಿಗಿಳಿದು ಕಾಣದಂತಾಯಿತೋ, ಅರಿವೆ ಬಿಟ್ಟು ಮೇಲೆ ಓಡು ಎಂದು. ಉಡಿಯ ಮಾತು ನೆನಪಿಟ್ಟುಕೊಂಡು ಈ ಮಾತನ್ನು ಮರೆತಿದ್ದೆ. ಸವಿತಾನ ಕಡೆ ಕೈ ಚಾಚಿದೆ. ಕೈಗೆ ಸಿಕ್ಕಿದ್ದು ಜಡೆ. ಹಿಡಿದು ಎಳೆದೆ. ಎಣ್ಣೆಯ ಜಡೆ ನೋಡಿ, ಸರ್ರನೆ ಜಾರಿತು. ಬರೀ ರಿಬ್ಬನ್ ಕೈಗೆ ಬಂತು. ಆ ಒಂದು ಗಳಿಗೆಯ ಭಯ ಈ ವಯಸ್ಸಿನವರೆಗೂ ನನ್ನ ಅಂಗೈಯಲ್ಲಿದೆ. ಎರಡನೆಯ ಸಲ ಇನ್ನೊಂದು ಜಡೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಹಿಂದಕ್ಕೆ ಬಿದ್ದೆ. ಮಗು ನನ್ನ ಎದೆಯ ಮೇಲೆ ಬಿತ್ತು. ಅವಳು ಕುಳಿತಿದ್ದ ಜಾಗದಲ್ಲಿ ನೀರು ಒಡೆದು ಅದರ ತಲೆ ಬಂತು, ಬಾಯಿ ಮುಚ್ಚಿತು. ಕ್ಯಾರವಾನಿನ ಬಾಗಿಲು ಬಡಿದಂಥ ಸದ್ದು ಅದು. ಖಣ ಹಲ್ಲಿಗೆ ಸಿಕ್ಕಿ ಒಳಗೆ ಹೋಯಿತು. ನೀರು ಮತ್ತೆ ಮೊದಲಿನಂತೆ ಸುಮ್ಮನಾಯಿತು.

ಮೇಲೆ ಮರದ ಹಿಂದೆ ಕುಳಿತೆವು. ಅವಳು ಅಳಲಿಲ್ಲ. ಕೂದಲ ಬುಡದಲ್ಲಿ ರಕ್ತ ಜಿನುಗಿತ್ತು. ನೋವಾಯಿತೇ ಎಂದು ನಾನು ಕೇಳಲಿಲ್ಲ. ನಾನು ಮೊದಲು ಆಡಿದ ಮಾತು, "ಅಪ್ಪಗ ಹೇಳಬ್ಯಾಡ."

ಕ್ಯಾರವಾನಿಗೆ ಮರಳಿದಾಗ ಇವರು ಚಹಾ ಕುದಿಸುತ್ತಿದ್ದರು. "ಎಲ್ಲಿ ಹೋಗಿದ್ರಿ?" ಎಂದರು. ಪಾಯಖಾನಿಗೆ ಎಂದೆ. ಉಳಿದ ಎರಡು ದಿನ ಸವಿತಾ ಕ್ಯಾರವಾನಿನ ಮೆಟ್ಟಿಲು ಇಳಿಯಲಿಲ್ಲ, ಒಂದಕ್ಕೂ ಬಕೆಟ್ಟನ್ನೇ ಕೇಳುತ್ತಿದ್ದಳು. "ಲಂಡನ್ ರಾಣಿಗೆ ನಮ್ಮ ನೆಲ ನಡಿಯೂದಿಲ್ಲೇನ?" ಎಂದು ಬಸು ಚುಡಾಯಿಸಿದ. ಇವರು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ, ಕಾಲ ಕೆಳಗಿರುವುದು ಬರೀ ಒಂದು ಹಲಗೆ, ಅದರ ಕೆಳಗೆ ಏನು ಬಂದು ಮಲಗಿದೆಯೋ ಎಂದು ಕಿವಿ ಕೊಟ್ಟು ಕೇಳುತ್ತಿದ್ದೆ. ಹೌನ್ಸ್ಲೋಗೆ ಬಂದ ಮೇಲೂ ಎಷ್ಟೋ ದಿನ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು ಬಗ್ಗಿ ನೋಡುತ್ತಿದ್ದೆ.

ಬಂದು ಹದಿನೈದು ದಿನಕ್ಕೆ ಸವಿತಾ ಅಡುಗೆಮನೆಯ ಕತ್ತರಿಯಿಂದ ಎರಡೂ ಜಡೆ ಕತ್ತರಿಸಿ ಬಚ್ಚಲಲ್ಲಿ ಹಾಕಿದ್ದಳು. ಇವರು ಎಂದೂ ಕೈ ಎತ್ತದವರು ಅಂದು ಅವಳ ಕೆನ್ನೆಗೆ ಹೊಡೆದರು. ಅವಳು ನನ್ನನ್ನು ನೋಡಿದಳು. ನಾನು ಹಿಟ್ಟು ನಾದುತ್ತಿದ್ದೆ, ನಾದುತ್ತಲೇ ಇದ್ದೆ. ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲಿಂದ ಮುಂದೆ ಅವಳ ತಲೆ ನನ್ನ ಕೈಗೆ ಬರಲಿಲ್ಲ. ಮನೆಗೆ ಯಾರು ಬಂದರೂ ಇವರು ಫೋಟೋ ತೆಗೆದು ಕ್ಯಾರವಾನಿನ ಕತೆ ಹೇಳುತ್ತಿದ್ದರು, ಕೊನೆಗೆ ಅದೇ ಒಂದು ಮಾತು: "ಅಷ್ಟು ದೂರ ಹೋಗಿ ಒಂದು ಮೊಸಳಿನೂ ನೋಡ್ಲಿಲ್ಲ ನೋಡ್ರಿ ನಾವು." ಆಗ ಸವಿತಾ ಕಾರ್ಪೆಟ್ ನೋಡುತ್ತಿದ್ದಳು, ನಾನು ಚಹಾ ಸೋಸಲು ಹೋಗುತ್ತಿದ್ದೆ. ಅವಳು ಕಾಲೇಜಿಗೆ ಹೋಗುವ ಹೊತ್ತಿಗೆ ಇವರು ಕೆಲಸದಲ್ಲೇ ಎದೆ ಹಿಡಿದುಕೊಂಡು ಕುಸಿದರು. ಅವರಿಗೆ ಗೊತ್ತಾಗಲೇ ಇಲ್ಲ.

ಹೋದ ಭಾನುವಾರ ಸವಿತಾ ಏಳು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ಸವಿತಾನ ಕೂದಲು ಇಂದಿಗೂ ಕಿವಿಯವರೆಗೆ ಮಾತ್ರ. "ಇವಳಿಗೆ ಎಣ್ಣಿ ಹಚ್ಚಿ ಜಡಿ ಹಾಕು, ಅವ್ವಾ," ಎಂದಳು. ಅದಕ್ಕೇ ನಾನು ಬಟ್ಟಲು ಕಾಯಲು ಇಟ್ಟದ್ದು, ಆರಿಸಿ ಕುಳಿತದ್ದು. ಅವಳು ಬಾಗಿಲಲ್ಲಿ ಬಂದು ನಿಂತಳು.

"ಎಣ್ಣಿ ಬ್ಯಾಡ, ಜಾರತೈತಿ," ಎಂದೆ. ಆ ದಿನದ ಬಗ್ಗೆ ನಾವಿಬ್ಬರೂ ಆಡಿದ ಮೊದಲ ಮಾತು ಅದು.

ಅವಳು ಒಳಗೆ ಬಂದು ಬಟ್ಟಲನ್ನು ಮುಟ್ಟಿ ನೋಡಿದಳು. "ಜಾರಿದ್ರೂ ಬಿಡಲಿಲ್ಲಲ್ಲ," ಎಂದಳು. ಮತ್ತೆ, "ಅಪ್ಪಗ ಹೇಳಬೇಕಿತ್ತು, ಅವ್ವಾ. ಯು ಶುಡ್ ಹ್ಯಾವ್."

ಹೌದು ಎಂದೆ. ಎಣ್ಣೆ ತಣ್ಣಗಾಗಿತ್ತು, ಅದನ್ನೇ ಹಚ್ಚಿದೆ. ಮಗು ಅಳಲಿಲ್ಲ, ಫೋನು ನೋಡುತ್ತಾ ಕುಳಿತಿತ್ತು. ಇವರ ಕುರ್ಚಿ ಅದೇ ಕಿಟಕಿಯ ಹತ್ತಿರ ಇದೆ, ಫೋಟೋಗಳು ಅದೇ ಕಪಾಟಿನಲ್ಲಿವೆ. ಜಡೆಯ ತುದಿಗೆ ರಿಬ್ಬನ್ ಕಟ್ಟಿ, ಎರಡು ಸಲ ಎಳೆದು ನೋಡಿದೆ. ಅಷ್ಟು ದೂರ ಹೋಗಿ ಒಂದು ಮೊಸಳೆಯನ್ನೂ ನೋಡಲಿಲ್ಲ ಎಂದು ಹೇಳುವವರು ಈಗ ಈ ಮನೆಯಲ್ಲಿಲ್ಲ.